ಇಬ್ಬರ ಇಮಾನ

ಆಳಂದದ ತಹಶೀಲ ಕಚೇರಿಯ ಎದುರಿಗೆ ‘ಎ.ಜಿ. ಕಂಪ್ಯೂಟರ್ಸ್’ ಎಂಬ ಬೋರ್ಡು ಇಪ್ಪತ್ತೆರಡು ವರ್ಷಗಳಿಂದ ತೂಗುತ್ತಿದೆ. ಎ ಅಂದರೆ ಅಮೀರ ಎಂಬುದು ಊರಿಗೆಲ್ಲ ಗೊತ್ತು. ಜಿ ಅಂದರೆ ಯಾರು ಎಂದು ಅರ್ಜಿ ಬರೆಸಲು ಬಂದ ಹೊಸಬರು ಕೇಳಿದರೆ, ‘ನನಗ ನಾನೇ ಗೌರವ ಕೊಟ್ಕೊಂಡೇನ್ರಿ, ಅಮೀರ್‌ಜೀ ಅಂತ’ ಎಂದು ಅವನು ನಗಿಸಿ ಕಳಿಸುತ್ತಾನೆ. ಅವರು ಹೋದ ಮೇಲೆ ಅವನ ಕೈ ಒಂದು ಗಳಿಗೆ ಕೀಬೋರ್ಡಿನ ಮೇಲೆ ಸುಮ್ಮನೆ ಕೂರುತ್ತದೆ. ಸುಳ್ಳು ಹೇಳಿದ ಸಂಕಟಕ್ಕಲ್ಲ. ಅರ್ಜಿ ಬರೆಯುವವನು ದಿನಕ್ಕೆ ನಾಲ್ಕು ಸುಳ್ಳು ಬರೆಯದಿದ್ದರೆ ಜಗತ್ತು ನಡೆಯುವುದಾದರೂ ಹೇಗೆ? ಆ ಒಂದು ಅಕ್ಷರವನ್ನು ಅಳಿಸಲೂ ಆಗದೆ, ಅದರ ಅರ್ಥ ಹೇಳಲೂ ಆಗದೆ ಹತ್ತೊಂಬತ್ತು ವರ್ಷ ಕಳೆದಿದ್ದಾನೆ, ಅದಕ್ಕೆ.

ಜಿ ಅಂದರೆ ಗುರುಲಿಂಗ. ನಿಂಬರ್ಗಾದವನು. ಇಬ್ಬರೂ ಕೂಡಿ ಈ ಅಂಗಡಿ ತೆಗೆದಾಗ ಇಬ್ಬರಿಗೂ ಇಪ್ಪತ್ತೈದರ ಪ್ರಾಯ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದರೆ ಹತ್ತು ನಿಮಿಷ ಕೂಗಿ ಪ್ರಾಣ ಬಿಡುವ ಒಂದು ಯುಪಿಎಸ್ಸು. ವಾರವೆಲ್ಲ ಅರ್ಜಿ, ಅಫಿಡವಿಟ್ಟು, ಮದುವೆ ಪತ್ರಿಕೆ. ಭಾನುವಾರ ಕಚೇರಿಗೆ ರಜೆ. ಅವತ್ತು ಮಧ್ಯಾಹ್ನ ಶಟರನ್ನು ಅರ್ಧ ಇಳಿಸಿ ಇಬ್ಬರೂ ಯುದ್ಧಕ್ಕೆ ಹೊರಡುತ್ತಿದ್ದರು.

ಎರಡನೇ ಮಹಾಯುದ್ಧದ ವಿಮಾನದ ಆಟ. ವಿಮಾನದಲ್ಲಿ ಇದ್ದದ್ದು ಒಂದೇ ಸೀಟು, ಹಾರಿಸುವವರು ಇಬ್ಬರು. ಜಾಯ್‌ಸ್ಟಿಕ್ಕಿನ ಹಿಡಿಕೆ ಅಮೀರನ ಕೈಯಲ್ಲಿ; ಕೀಬೋರ್ಡು ಗುರುಲಿಂಗನ ತೊಡೆಯ ಮೇಲೆ. ಆ ಜಾಯ್‌ಸ್ಟಿಕ್ಕು ಜೇವರ್ಗಿಯಲ್ಲಿ ಮುಚ್ಚಿಹೋದ ಸೈಬರ್ ಕೆಫೆಯೊಂದರಿಂದ ಬಂದದ್ದು. ಯಾರೂ ಮುಟ್ಟದಿದ್ದರೂ ಎಡಕ್ಕೆ ವಾಲುವ ಚಾಳಿ ಅದಕ್ಕಿತ್ತು. ಗುರುಲಿಂಗ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಹಿಡಿಕೆಯನ್ನು ಬಲಕ್ಕೆ ಜಗ್ಗಿ ಕಟ್ಟಿದ, ವಿಮಾನ ನೆಟ್ಟಗಾಯಿತು. ಆ ಕಾಲದಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡುವುದು ಅಂದರೆ ಹೀಗೇ. ಪುಸ್ತಕವಿಲ್ಲ, ಕೇಳಲು ಯಾರೂ ಇಲ್ಲ. ಒಂದು ವಾರ ತಲೆ ಕೆರೆದುಕೊಂಡರೆ ಮುಂದಿನ ಭಾನುವಾರಕ್ಕೆ ಏನಾದರೂ ಹೊಳೆಯುತ್ತಿತ್ತು.

ನಕಾಶೆಯಲ್ಲಿದ್ದ ಪರದೇಶದ ಊರುಗಳ ಹೆಸರು ಇಬ್ಬರ ನಾಲಿಗೆಗೂ ಹೊರಳಲಿಲ್ಲ. ಹೀಗಾಗಿ ಅಡ್ಡ ಬಂದ ನೀರಿಗೆಲ್ಲ ಭೀಮಾ ಎಂದು ಹೆಸರಿಟ್ಟರು, ವಿಮಾನ ಇಳಿಯುವ ಬಯಲಿಗೆ ಸರಸಂಬಾ. ‘ಭೀಮಾ ದಾಟಿದ್ವಿ, ಸರಸಂಬಾ ಕಾಣಾಕತ್ತದ’ ಎಂದು ಗುರುಲಿಂಗ ವರದಿ ಒಪ್ಪಿಸಿದರೆ, ಹೊರಗೆ ರಸ್ತೆಯಲ್ಲಿ ಹೋಗುವವರು ಒಳಗೆ ಬಸ್ಸು ನಡೆದಿದೆಯೋ ಏನೋ ಎಂದುಕೊಳ್ಳಬೇಕು.

ಆಟದಲ್ಲಿ ರಿಯಲಿಸಂ ಎಂದೊಂದು ಪಟ್ಟಿ ಇತ್ತು. ಅದಕ್ಕೆ ಅವರಿಟ್ಟ ಹೆಸರು ಖರೆತನ. ಖರೆತನವನ್ನು ಸೊನ್ನೆಗೆ ಇಟ್ಟರೆ ಗುಂಡು ಮುಗಿಯುವುದಿಲ್ಲ, ಎಣ್ಣೆ ತೀರುವುದಿಲ್ಲ, ಗುಡ್ಡಕ್ಕೆ ಹೊಡೆದರೂ ಪುಟಿದು ಮೇಲೇಳಬಹುದು. ನೂರಕ್ಕೆ ಇಟ್ಟರೆ ಎಂಜಿನ್ನು ಕಾದು ನಿಲ್ಲುತ್ತದೆ, ಮೂಗು ಬಹಳ ಎತ್ತಿದರೆ ರೆಕ್ಕೆಗೆ ಗಾಳಿ ಸಿಗದೆ ವಿಮಾನ ಕಲ್ಲಿನಂತೆ ಬೀಳುತ್ತದೆ, ಬಿಗಿಯಾಗಿ ತಿರುಗಿಸಿದರೆ ಪೈಲಟನ ಕಣ್ಣಿಗೆ ಕತ್ತಲು ಕವಿದು ಪರದೆಯೇ ಕಪ್ಪಾಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಪೈಲಟ ಸತ್ತರೆ ಸತ್ತ. ಮತ್ತೆ ಬರುವುದಿಲ್ಲ.

‘ಐವತ್ತಕ್ಕ ಇಡೋಣಲೇ. ಆಟ ಆಟದಂಗ ಇರಲಿ’ ಎಂದಿದ್ದ ಅಮೀರ.

‘ಅರ್ಧ ಖರೆ ಅಂದ್ರ ಪೂರಾ ಸುಳ್ಳ. ನೂರಕ್ಕ ನೂರು ಇಡು’ ಎಂದಿದ್ದ ಗುರುಲಿಂಗ.

ಗುರುಲಿಂಗ ಇದ್ದದ್ದೇ ಹಾಗೆ. ಅರ್ಜಿಯಲ್ಲಿ ಗಿರಾಕಿ ವಯಸ್ಸು ಹೆಚ್ಚು ಹೇಳಿದರೆ ಬೆರಳು ಎತ್ತಿ ಕೂತುಬಿಡುವವನು. ಅವನ ಪಾಲಿನ ಸುಳ್ಳುಗಳನ್ನೂ ಅಮೀರನೇ ಬರೆಯಬೇಕಾಗುತ್ತಿತ್ತು.

ಪೈಲಟನಿಗೆ ಒಂದು ಹೆಸರು ಬೇಕೆಂದು ಆಟ ಕೇಳಿತು. ಇಬ್ಬರೂ ಕೂಡಿ ಹೆತ್ತ ಮಗ ತಾನೇ? ಅಮೀರಲಿಂಗ ಎಂದು ನಾಮಕರಣ ಮಾಡಿದರು. ಅಮೀರಲಿಂಗ ಒಂದೂವರೆ ವರ್ಷ ಬದುಕಿದ, ಅರವತ್ತೆರಡು ಸಲ ಹಾರಿದ. ಎರಡು ಸಲ ಇಳಿಯುವಾಗ ಗಾಲಿ ಹೊರಗೆ ಬರದೆ ಹೊಟ್ಟೆಯ ಮೇಲೆ ಜಾರಿಕೊಂಡು ಸರಸಂಬಾ ಬಯಲಿನಲ್ಲಿ ನಿಂತ. ಗಾಲಿಯ ಕೀ ಜಿ, ಅದು ಗುರುಲಿಂಗನ ಪಾಲಿನದು. ಒತ್ತಿದರೂ ಬರಲಿಲ್ಲ. ಆಗ ಇಬ್ಬರೂ ಬೇಜಾರಾಗಲಿಲ್ಲ, ಬೆರಗಾದರು. ‘ಎಲ್ಲೋ ಪೈಪಿಗೆ ಗುಂಡು ತಾಕ್ಯಾವ. ಎಂಥಾ ಖರೆತನಲೇ!’ ಎಂದು ಆಟ ಮಾಡಿದವರಿಗೆ ಅಲ್ಲಿಂದಲೇ ಕೈ ಮುಗಿದರು. ಮುಂದಿನ ಭಾನುವಾರ ಕಂಪ್ಯೂಟರು ಹಚ್ಚಿದರೆ ಗಾಲಿ ಸಲೀಸಾಗಿ ಬರುತ್ತಿದ್ದವು. ‘ಮಿಸ್ತ್ರಿ ರಿಪೇರಿ ಮಾಡ್ಯಾನ’ ಎಂದು ಸುಮ್ಮನಾದರು. ಕೆಟ್ಟದ್ದು ತಾನಾಗಿ ಸರಿಹೋದರೆ ಯಾಕೆ ಕೆಟ್ಟಿತು ಎಂದು ಯಾರು ಕೇಳುತ್ತಾರೆ?

ಅಂಗಡಿಯ ಹಿಂಬಾಗಿಲು ತೆರೆದರೆ ಅಮೀರನ ಮನೆ. ಅವನ ತಾಯಿ ಮೆಹರಾಜಬೇಗಂ ಆ ಬಾಗಿಲಿನಿಂದಲೇ ಚಹಾ ತರುತ್ತಿದ್ದರು. ನಿಂಬರ್ಗಾದ ಬಾಯಲ್ಲಿ ವಿಮಾನ ಎಂದರೆ ಇಮಾನ. ಆ ತಾಯಿಯ ದಖ್ಖನಿ ಉರ್ದುವಿನಲ್ಲಿ ಇಮಾನ್ ಎಂದರೆ ನಂಬಿಕೆ, ನಿಯತ್ತು. ‘ಅಮ್ಮಾ, ಇವತ್ತ ಇಮಾನ ಬೀಳೂದು ಒಂದ್ ಕೂದಲಿಂದ ಉಳೀತು’ ಎಂದು ಗುರುಲಿಂಗ ಅಂದರೆ ಅವರು ಸೆರಗಿನಲ್ಲಿ ನಗು ಒರೆಸಿಕೊಂಡು, ‘ಇಮಾನ್ ಹಾರಸೂದಲ್ಲ ಬೇಟಾ, ಹಿಡಕೊಳ್ಳೂದು’ ಎನ್ನುತ್ತಿದ್ದರು. ಪ್ರತಿ ಭಾನುವಾರ ಅದೇ ಮಾತು, ಅದೇ ನಗು. ಅದು ಎಷ್ಟು ಸುಖದ ಕಾಲವಾಗಿತ್ತು ಎಂಬುದು ಆಗ ಯಾರಿಗೂ ಗೊತ್ತಾಗಲಿಲ್ಲ.

ಅಮೀರಲಿಂಗ ಸತ್ತದ್ದು 2006ರ ಮಾರ್ಚಿನ ಎರಡನೇ ಭಾನುವಾರ. ಅಫಜಲಪುರದ ಶಿವಕಾಂತಾಳ ಜೊತೆ ಗುರುಲಿಂಗನ ಮದುವೆ ಗೊತ್ತಾಗಿ ಹದಿನೈದು ದಿನವಾಗಿತ್ತು. ಅವತ್ತು ಅಮೀರಲಿಂಗ ಎರಡು ವೈರಿ ವಿಮಾನ ಉರುಳಿಸಿ, ತಾನು ಒಂದು ಗುಂಡೂ ತಿನ್ನದೆ ತಿರುಗಿ ಬಂದಿದ್ದ. ಎಣ್ಣೆ ಮಾತ್ರ ತಳ ಕಂಡಿತ್ತು. ಇಂಥ ಖುಷಿಯ ದಿನ ಅಮೀರನಿಗೆ ಒಂದು ಚಟ. ಇಳಿಯುವ ಮೊದಲು ಗುರುಲಿಂಗನ ತೊಡೆಯತ್ತ ಕೈ ಚಾಚಿ ಎಫ್-11 ಒತ್ತುವುದು. ಒತ್ತಿದರೆ ತಮ್ಮ ವಿಮಾನ ಹೊರಗಿನಿಂದ ಕಾಣುತ್ತಿತ್ತು, ಸಂಜೆಯ ಬಿಸಿಲಿನಲ್ಲಿ ರೆಕ್ಕೆ ಹೊಳೆಯಿಸುತ್ತ.

‘ನೋಡಲೇ, ಮದುಮಗನ ಹಂಗ ಹೊಂಟಾನ’ ಎಂದ. ಮತ್ತೆ ಎಫ್-1 ಒತ್ತಿ ವಿಮಾನದ ಒಳಗೆ ಬಂದ. ‘ಹೂಂ, ಗಾಲಿ ಬಿಡು.’

‘ಒತ್ತಿದೆ.’

‘ಬಂದಿಲ್ಲ.’

‘ಒತ್ತಿದೆನಲೇ.’

‘ಎಲ್ಲಿ ಒತ್ತಿದಿ? ಒತ್ತು!’

‘ಒತ್ತಾಕತ್ತೇನಿ! ಒತ್ತಿದೆ, ಒತ್ತಿದೆ!’

ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಈ ಸಲ ಬಯಲು ಸಿಗಲಿಲ್ಲ. ವಿಮಾನ ಬಯಲಿನಾಚೆಯ ಗೋಡೆಗೆ ಹೊಡೆದು ಹೊತ್ತಿಕೊಂಡಿತು. ಪರದೆಯ ಮೇಲೆ ಅಮೀರಲಿಂಗನ ಹೆಸರು, ಅರವತ್ತೆರಡು ಎಂಬ ಅಂಕಿ, ಮರಣ ಎಂಬ ಒಂದು ಪದ ಬಂದವು. ಇಬ್ಬರೂ ಅದನ್ನು ಓದುತ್ತಿದ್ದ ಹಾಗೇ ಕರೆಂಟು ಹೋಯಿತು. ಯುಪಿಎಸ್ಸು ಕೂಗಿ ಕೂಗಿ ಸತ್ತಿತು.

ಅರ್ಧ ತಾಸಿಗೆ ಕರೆಂಟು ಬಂದಾಗ ಅಮೀರ ಕಂಪ್ಯೂಟರು ಹಚ್ಚಿ, ಆಟ ತೆಗೆದು, ಬೇರೊಂದು ವಿಮಾನ ಎತ್ತಿ, ಜಿ ಒತ್ತಿದ. ಗಾಲಿ ಬಂದವು. ಮತ್ತೆ ಒತ್ತಿದ. ಒಳಗೆ ಹೋದವು.

‘ನೋಡು. ಕೀ ಸರಿ ಅದ, ಆಟ ಸರಿ ಅದ. ವಿಮಾನಕ್ಕ ಗುಂಡೂ ತಾಕಿಲ್ಲ’ ಎಂದ. ‘ಹಂಗಾದ್ರ ಕೆಟ್ಟದ್ದು ಯಾವುದು?’

‘ನಾ ಒತ್ತೇನಿ ಅಮೀರ.’

‘ಮದುವಿ ಕನಸು ಕಾಣ್ಕೋತ ಕುಂತಿದ್ದಿ. ಮರತೇನಿ ಅಂತ ಒಂದ್ ಮಾತು ಹೇಳು, ಮುಗೀತು.’

‘ಮರತಿದ್ರ ಹೇಳ್ತಿದ್ದೆ. ಒತ್ತೇನಿ. ನಂಬ್ತಿಯೋ ಇಲ್ಲೋ?’

ಅಷ್ಟರಲ್ಲಿ ಮೆಹರಾಜಬೇಗಂ ಚಹಾ ಹಿಡಿದು ಬಂದರು. ಇಬ್ಬರ ಮುಖ ನೋಡಿ, ‘ಏನಾತು?’ ಎಂದರು.

‘ಇಮಾನ ಬಿತ್ತು ಅಮ್ಮಾ’ ಎಂದ ಗುರುಲಿಂಗ.

ಅವರು ದಿನದ ಚೇಷ್ಟೆಯ ದನಿಯಲ್ಲೇ, ‘ಅರೇ, ಯಾರ ಇಮಾನ್ ಬಿತ್ತು?’ ಎಂದರು.

‘ಇವಂದು’ ಎಂದುಬಿಟ್ಟ ಅಮೀರ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುರುಲಿಂಗ ತೊಡೆಯ ಮೇಲಿನ ಕೀಬೋರ್ಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಬುತ್ತಿ ಡಬ್ಬಿ ತೆಗೆದುಕೊಂಡ. ಮೆಹರಾಜಬೇಗಂ ಅವರ ಕಾಲು ಮುಟ್ಟಿ, ಅರ್ಧ ಇಳಿಸಿದ ಶಟರಿನ ಕೆಳಗೆ ಬಾಗಿ ಹೊರಗೆ ಹೋದ. ಚಹಾ ಆರಿತು.

ಊರಿನವರು ತಮಗೆ ಬೇಕಾದ ಕಾರಣ ಕಟ್ಟಿಕೊಂಡರು. ಒಬ್ಬರು ರೊಕ್ಕದ ಜಗಳ ಎಂದರು, ಒಬ್ಬರು ಇನ್ನೇನೋ ಎಂದರು. ಇರುವ ಕಾರಣ ಹೇಳಿದರೆ ಜನ ನಗುತ್ತಿದ್ದರು: ಇಲ್ಲದ ವಿಮಾನದ ಇಲ್ಲದ ಗಾಲಿಗೋಸ್ಕರ ಇದ್ದ ದೋಸ್ತಿ ಮುರಿದುಕೊಂಡವರು ಎಂದು. ಗುರುಲಿಂಗ ಅಫಜಲಪುರಕ್ಕೆ ಹೋಗಿ ಅಲ್ಲೇ ಅಂಗಡಿ ಹಾಕಿದ. ಅವನ ಮದುವೆಯ ಕಾರ್ಡು ಅಮೀರನಿಗೆ ಬರಲಿಲ್ಲ. ಕಂಪ್ಯೂಟರು, ಜಾಯ್‌ಸ್ಟಿಕ್ಕು ಹಳೆಯ ಬ್ಯಾನರಿನಲ್ಲಿ ಸುತ್ತಿಸಿಕೊಂಡು ಅಟ್ಟ ಸೇರಿದವು. ಮೆಹರಾಜಬೇಗಂ ಹಾಸಿಗೆ ಹಿಡಿದಾಗಲೂ, ‘ಆ ನಿಂಬರ್ಗಾದ ಪೋರ ಬಂದಿದ್ದನೇನು?’ ಎಂದು ಕೇಳುತ್ತಿದ್ದರು. ಅವರು ತೀರಿಕೊಂಡ ದಿನ ಗುರುಲಿಂಗ ಬಂದು, ಮಣ್ಣು ಹಾಕಿ, ಯಾರನ್ನೂ ಮಾತಾಡಿಸದೆ ಹೋದ. ಅಮೀರನೂ ಮಾತಾಡಿಸಲಿಲ್ಲ. ಸುಳ್ಳು ಹೇಳಿದವನೇ ಮೊದಲು ಬಾಯಿ ತೆಗೆಯಲಿ ಎಂದು ಹಟ ಹಿಡಿದಿದ್ದ.

ಈಗ ಅಟ್ಟ ಹತ್ತಿದ್ದು ಅವನ ಮಗಳು ಇರಮ. ದೋಸ್ತಿ ಮುರಿದಾಗ ಒಂದು ವರ್ಷದ ಕೂಸು. ಇವತ್ತು ಕಡಗಂಚಿಯ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಓದುತ್ತಾಳೆ. ಅವಳಿಗೂ ವಿಮಾನದ ಆಟದ ಹುಚ್ಚು. ಅವಳ ಹೊಸ ಆಟದಲ್ಲಿ ಮೋಡದೊಳಗೆ ಹೊಕ್ಕರೆ ಗಾಜಿನ ಮೇಲೆ ಹನಿ ಹರಿಯುತ್ತದೆ, ಎಂಜಿನ್ನು ಶುರು ಮಾಡಲು ಇಪ್ಪತ್ತು ಗುಂಡಿ ಒತ್ತಬೇಕು. ಡಿಸೆಂಬರಿನ ರಜೆಯಲ್ಲಿ ಅಟ್ಟದ ಧೂಳು ಹೊಡೆಯಲು ಹೋದವಳು ಟ್ಯೂಬು ಕಟ್ಟಿದ ಜಾಯ್‌ಸ್ಟಿಕ್ಕು ಹಿಡಿದು ಇಳಿದಳು.

‘ನೀವೂ ಹಾರಸ್ತಿದ್ರೇನ್ರಿ ಅಬ್ಬಾ?’ ಎಂದು ಅಪ್ಪನನ್ನು ಕೇಳಿದಳು.

ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಕನ್ನಡ ಎಂಬುದು ಆ ಮನೆಯ ಕಟ್ಟಳೆ. ಅಮೀರ ಎರಡರಲ್ಲೂ ಉತ್ತರ ಕೊಡಲಿಲ್ಲ. ಆದರೆ ಹಿಡಿಕೆ ಕೈಗೆ ಬಂದಾಗ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಗುಂಡಿ ಹುಡುಕಿತು. ಇರಮ ಅದನ್ನು ನೋಡಿದಳು. ಎರಡು ದಿನದಲ್ಲಿ ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕು ಬಿಚ್ಚಿ, ಒರೆಸಿ, ಅದರಲ್ಲಿದ್ದ ಆಟವನ್ನು ಅಂಗಡಿಯ ಈಗಿನ ಕಂಪ್ಯೂಟರಿಗೆ ಎಳೆದುಕೊಂಡಳು. ಹಳೆಯ ಆಟ ಹೊಸ ಪರದೆ ತುಂಬಲು ಒಪ್ಪಲಿಲ್ಲ. ನಡುವೆ ಒಂದು ಚೌಕದಲ್ಲಿ ಮಾತ್ರ ಮೂಡಿತು, ಸುತ್ತಲೂ ಅಂಗಡಿಯ ಅರ್ಜಿ-ಕಾರ್ಡುಗಳ ಚಿತ್ರಗಳು ಕಾಣುತ್ತಲೇ ಇದ್ದವು.

ಭಾನುವಾರ ಮಧ್ಯಾಹ್ನ ಅವಳ ಒತ್ತಾಯಕ್ಕೆ ಅಮೀರ ಕೂತ. ಭೀಮಾ ಕಂಡಿತು. ಸರಸಂಬಾ ಕಂಡಿತು. ಕಣ್ಣಲ್ಲಿ ನೀರು ಬಂದದ್ದನ್ನು ಮಗಳಿಗೆ ತೋರಿಸಬಾರದೆಂದು ಎಫ್-11 ಒತ್ತಿ ವಿಮಾನವನ್ನು ಹೊರಗಿನಿಂದ ನೋಡಿದ. ಒಳಗೆ ಬಂದ. ಜಿ ಒತ್ತಿದ. ಗಾಲಿ ಬರಲಿಲ್ಲ.

ಮತ್ತೆ ಒತ್ತಿದ. ಬರಲಿಲ್ಲ. ಒತ್ತಿದ, ಒತ್ತಿದ. ವಿಮಾನ ಹೊಟ್ಟೆಯ ಮೇಲೆ ಜಾರಿ ನಿಂತಿತು.

‘ನಾ ಒತ್ತೇನಿ ಬೇಟಾ’ ಎಂದ. ಅಂದ ಮೇಲೆ ಅವನಿಗೆ ತನ್ನ ದನಿಯಲ್ಲಿ ಇನ್ನೊಬ್ಬನ ದನಿ ಕೇಳಿಸಿತು.

‘ಒತ್ತಿದ್ದು ನಾನೂ ನೋಡಿದೆ’ ಎಂದಳು ಇರಮ. ‘ಕೆಟ್ಟದ್ದು ಯಾವುದು ಅಂತ ತಿಳೀಬೇಕಂದ್ರ ಮೊದಲು ಅದನ್ನ ಮತ್ತ ಕೆಡಸಬೇಕ್ರಿ ಅಬ್ಬಾ. ಇನ್ನೊಮ್ಮೆ ಹಾರಸ್ರಿ.’ ಅವಳು ಕಂಪ್ಯೂಟರನ್ನೇ ಒಮ್ಮೆ ಆರಿಸಿ ಹಚ್ಚಿದಳು, ಅಂಗಡಿಯ ಕೆಲಸದ ತಂತ್ರಾಂಶಗಳೆಲ್ಲ ತಾವಾಗಿ ಹೊಸದಾಗಿ ತೆರೆದುಕೊಂಡ ಮೇಲೆ ಕೀಬೋರ್ಡು ತೆಗೆದುಕೊಂಡಳು. ಗಾಲಿ ಬಂದವು. ಮತ್ತೊಮ್ಮೆ ಹಾರಿಸಿದರು, ಬಂದವು. ‘ಮೊದಲಿನ ಸಲ ನೀವು ಏನೇನು ಒತ್ತಿದ್ರಿ, ಈಗ ಅದನ್ನೇ ಒತ್ರಿ. ಒಂದೂ ಬಿಡಬ್ಯಾಡ್ರಿ.’

ಅಮೀರ ಎಫ್-11 ಒತ್ತಿದ.

‘ನಿಲ್ರಿ!’ ಎಂದಳು. ಅವಳು ಆಟ ನೋಡುತ್ತಿರಲಿಲ್ಲ. ಪರದೆಯ ಕೆಳಮೂಲೆ ನೋಡುತ್ತಿದ್ದಳು. ಅಲ್ಲಿ ಉಗುರಿನಷ್ಟು ಜಾಗದಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಇದ್ದದ್ದು ಈಗ ‘ಕ’ ಆಗಿತ್ತು.

ಕನ್ನಡ ಟೈಪ್ ಮಾಡುವ ತಂತ್ರಾಂಶ. ಇಪ್ಪತ್ತೆರಡು ವರ್ಷದಿಂದ ಅವನ ಅನ್ನ ಅದೇ. ಎಫ್-11 ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷು. ದಿನಕ್ಕೆ ನೂರು ಸಲ ನಿದ್ದೆಯಲ್ಲೂ ಒತ್ತಬಲ್ಲ. ಆ ತಂತ್ರಾಂಶ ಹಿಂದೆ ತೆರೆದೇ ಇದ್ದರೆ, ವಿಮಾನವನ್ನು ಹೊರಗಿನಿಂದ ನೋಡಲು ಒತ್ತಿದ ಎಫ್-11 ಅದಕ್ಕೂ ತಾಕುತ್ತಿತ್ತು. ಆಮೇಲೆ ಜಿ ಒತ್ತಿದರೆ ಆಟದ ತನಕ ಜಿ ಹೋಗುತ್ತಲೇ ಇರಲಿಲ್ಲ. ನಡುದಾರಿಯಲ್ಲಿ ಅದು ಕನ್ನಡದ ಗ್ ಆಗುತ್ತಿತ್ತು. ಪರದೇಶದ ವಿಮಾನಕ್ಕೆ ಗ್ ಎಂದರೆ ಏನು ತಿಳಿಯಬೇಕು? ಅವತ್ತು ಆಟ ಪರದೆ ತುಂಬ ಇತ್ತು, ಮೂಲೆಯ ‘ಕ’ ಯಾರಿಗೂ ಕಾಣಲಿಲ್ಲ. ಕರೆಂಟು ಹೋಗಿ ಬಂದ ಮೇಲೆ ತಂತ್ರಾಂಶ ಮುಚ್ಚಿತ್ತು, ಗಾಲಿ ಬಂದವು. ಅದನ್ನೇ ಸಾಕ್ಷಿ ಎಂದು ಅವನು ಗೆಳೆಯನ ಮುಖಕ್ಕೆ ಹಿಡಿದಿದ್ದ.

ಇರಮ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಮತ್ತಷ್ಟು ಕೆದಕಿದಳು. ಪ್ರತಿ ಹಾರಾಟದಲ್ಲಿ ಏನೇನಾಯಿತು ಎಂದು ಆ ಆಟ ತನ್ನ ಪಾಡಿಗೆ ತಾನು ಬರೆದಿಟ್ಟುಕೊಂಡಿತ್ತು. 2006, ಮಾರ್ಚ್ 12, ಸಂಜೆ ಐದು ನಲವತ್ತೊಂದು: ಹೊರನೋಟ. ಒಳನೋಟ. ಆಮೇಲೆ ‘ಗುರುತು ಸಿಗದ ಕೀ’ ಎಂಬ ಅರ್ಥದ ಒಂದೇ ಸಾಲು, ಒಂದರ ಕೆಳಗೊಂದು. ಅವಳು ಬೆರಳಿಟ್ಟು ಎಣಿಸಿದಳು. ಹನ್ನೊಂದು.

‘ಹನ್ನೊಂದು ಸಲ ಒತ್ತ್ಯಾರ ಅಬ್ಬಾ. ಯಾರವ್ರು?’

ಅಮೀರ ಮೇಲೆ ತೂಗುವ ಬೋರ್ಡಿನ ಕಡೆ ಕೈ ತೋರಿಸಿ, ಮೊದಲ ಸಲ ಆ ಅಕ್ಷರದ ಅರ್ಥ ಹೇಳಿದ. ಎಲ್ಲವನ್ನೂ ಹೇಳಿದ.

‘ಆದ್ರ ಆ ದಿನ ಕನ್ನಡ ತೆರದದ್ದು ಯಾಕ? ಭಾನುವಾರ ಕೆಲಸ ಇರಲಿಲ್ಲಲ್ರಿ?’ ಎಂದು ಅವಳು ಅದೇ ದಿನದ ಇನ್ನೊಂದು ಕಡತ ತೆಗೆದಳು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಉಳಿಸಿದ್ದು. ಮದುವೆ ಪತ್ರಿಕೆ. ಚಿ. ಗುರುಲಿಂಗ, ಚಿ. ಸೌ. ಶಿವಕಾಂತಾ. ಕೆಳಗೆ ‘ಸುಖಾಗಮನ ಬಯಸುವವರು’ ಎಂದಿದ್ದಲ್ಲಿ ಎಲ್ಲರಿಗಿಂತ ಮೊದಲು: ಅಮೀರ ಮತ್ತು ಮನೆಯವರು, ಆಳಂದ.

ಅವನು ಮರೆತೇಬಿಟ್ಟಿದ್ದ. ಗುರುಲಿಂಗನಿಗೆ ಗೊತ್ತಾಗದ ಹಾಗೆ ಕಾರ್ಡು ಮಾಡಿ ಕೈಗೆ ಕೊಡಬೇಕೆಂದು ಕೂತಿದ್ದ. ಶಟರಿನ ಕೆಳಗೆ ಅವನ ಚಪ್ಪಲಿ ಕಂಡ ಕೂಡಲೇ ಗಡಿಬಿಡಿಯಲ್ಲಿ ಕಾರ್ಡನ್ನು ಕೆಳಗಿಳಿಸಿ ಆಟ ತೆರೆದಿದ್ದ. ರೂಢಿಯಂತೆ ಇಂಗ್ಲಿಷಿಗೆ ಹೊರಳಿಸಿದ್ದ, ತಂತ್ರಾಂಶ ಮುಚ್ಚುವುದು ಮಾತ್ರ ಮರೆತಿತ್ತು. ಮೇಜಿನ ಮೇಲೆ ತಲೆಯಿಟ್ಟು ಅಮೀರ ಅತ್ತ. ನಲವತ್ತೇಳರ ಗಂಡಸು ಮಗಳ ಮುಂದೆ ಅಳಬಾರದು ಎಂಬ ಮಾತೆಲ್ಲ ಅವತ್ತು ನಡೆಯಲಿಲ್ಲ.

ಅತ್ತದ್ದು ಸುಲಭ, ಹೋಗಿ ಹೇಳುವುದು ಕಷ್ಟ. ಎರಡು ದಿನ ಅಮೀರ ನೆಪ ಹುಡುಕಿದ. ಯಾರಿಗೆ ಗೊತ್ತು, ಗುರುಲಿಂಗ ಮರೆತಿರಬಹುದು. ಈಗ ಹೋಗಿ ಕೆದಕಿದರೆ ನಗಬಹುದು, ಇಲ್ಲವೆ ಬಾಗಿಲು ಹಾಕಬಹುದು. ಬಾಯಲ್ಲಿ ಆಗದಿದ್ದರೆ ಬರೆದು ಕಳಿಸೋಣ ಎಂದು ಕೂತರೆ ಬೆರಳು ರೂಢಿಯ ಮೇಲೆ ‘ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಬರೆಯಿತು. ಊರಿನ ಅರ್ಧ ಜನರ ಪರವಾಗಿ ಕ್ಷಮೆ ಕೇಳಿದ ಬೆರಳಿಗೆ ತನ್ನ ಕ್ಷಮೆ ಕೇಳಲು ಬರಲಿಲ್ಲ.

‘ಅರ್ಜಿ ಬ್ಯಾಡ್ರಿ ಅಬ್ಬಾ. ನಡೀರಿ’ ಎಂದಳು ಇರಮ. ‘ನಿಮ್ಮಮ್ಮ, ನನ್ನ ದಾದಿ ಇದ್ದಿದ್ರ ಇವತ್ತಿನ ತನಕ ಬಿಡ್ತಿದ್ದಳೇನು?’

ಬುಧವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಅಪ್ಪ ಮಗಳು ಅಫಜಲಪುರದ ಬಸ್ಸು ಹತ್ತಿದರು. ಅವನ ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಹಾಳೆ. ಅವಳ ಬ್ಯಾಗಿನಲ್ಲಿ ಜಾಯ್‌ಸ್ಟಿಕ್ಕು. ನಿಂಬರ್ಗಾದ ಹತ್ತಿರ ಕೊಯ್ದ ತೊಗರಿಯ ಬಣವೆಗಳು ಹಿಂದೆ ಸರಿಯುತ್ತಿದ್ದವು. ಅಮೀರ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟುತ್ತ ಕೂತ.

ಅಫಜಲಪುರದಲ್ಲಿ ಇಳಿದು ಗುರುಲಿಂಗನ ಕಂಪ್ಯೂಟರ್ ಅಂಗಡಿ ಎಲ್ಲಿ ಎಂದು ಕೇಳಿದರೆ ಚಹಾದವನು, ‘ಯಾರು, ಒತ್ತಿದೆ ಗುರುಲಿಂಗಪ್ಪನವರದಾ? ಮುಂದ ಎಡಕ್ಕ ಹೊಳ್ರಿ’ ಎಂದ. ಅದೇನು ಹೆಸರು ಎಂದು ಅಮೀರನಿಗೆ ತಿಳಿಯಲಿಲ್ಲ.

ಅಂಗಡಿಯ ಬಾಗಿಲಿಗೆ ಬಂದಾಗ ತಿಳಿಯಿತು. ಒಳಗೆ ಗುರುಲಿಂಗ ಬೆನ್ನು ಮಾಡಿ ಕೂತಿದ್ದ, ತಲೆಯ ಕೂದಲು ಬೆಳ್ಳಗಾಗಿತ್ತು. ಪಕ್ಕದಲ್ಲಿ ಒಬ್ಬ ಮುದುಕ ಆಧಾರ್ ಕಾರ್ಡು ಹಿಡಿದು ನಿಂತಿದ್ದ. ಗುರುಲಿಂಗ ಒಂದು ಅಂಕಿ ಒತ್ತಿ, ‘ಒತ್ತಿದೆ’ ಎಂದ. ಪರದೆ ನೋಡಿದ. ಇನ್ನೊಂದು ಒತ್ತಿ, ‘ಒತ್ತಿದೆ’ ಎಂದ. ಪರದೆ ನೋಡಿದ.

‘ಭಾಳ ಪಕ್ಕಾ ಮನಶ್ಯಾರ್ರಿ’ ಎಂದು ಮುದುಕ ಅಮೀರನ ಕಡೆ ತಿರುಗಿ ಮೆಚ್ಚಿಗೆಯಿಂದ ಹೇಳಿದ. ‘ಒಂದೊಂದು ಒತ್ತಿದ್ರೂ ಹೇಳಿ ಒತ್ತತಾರ.’

ಅಮೀರ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ತಾನು ಮಾಡಿದ್ದು ಎಂಥದ್ದು ಎಂದು ಅವನಿಗೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು.

ಗುರುಲಿಂಗ ತಿರುಗಿದ. ‘ಬಾ’ ಎಂದ.

ಮುದುಕ ಹೋದ ಮೇಲೆ ಅಮೀರ ಹಾಳೆ ಮುಂದಿಟ್ಟ. ಬಸ್ಸಿನಲ್ಲಿ ಕಟ್ಟಿಕೊಂಡ ಮಾತೆಲ್ಲ ಬಾಯಿಂದ ಬಿದ್ದುಹೋಗಿತ್ತು. ಇರಮಳೇ ಎಫ್-11, ‘ಕ’, ಗ್ ಎಲ್ಲ ಬಿಡಿಸಿ ಹೇಳಿದಳು. ಗುರುಲಿಂಗ ಚಾಳೀಸನ್ನು ಮೂಗಿಗೆ ಏರಿಸಿ ಸಾಲುಗಳ ಮೇಲೆ ಬೆರಳಿಟ್ಟು ಎಣಿಸಿದ.

‘ಹನ್ನೊಂದಾ?’ ಎಂದ. ‘ನಾ ಏಳೋ ಎಂಟೋ ಅನ್ಕೊಂಡಿದ್ದೆ.’

‘ನೀ ಒತ್ತಿದ್ದಿ’ ಎಂದ ಅಮೀರ. ‘ಕೆಡಿಸಿದಾಂವ ನಾನು. ಸುಳ್ಳಾಂವ ಅಂದದ್ದೂ ನಾನೇ. ಮಾಫ್ ಮಾಡಲೇ.’

ಗುರುಲಿಂಗ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. ‘ನಾ ಒತ್ತಿಲ್ಲ ಅಂತ ನಾನೂ ಒಪ್ಕೊಂಡುಬಿಟ್ಟಿದ್ದೆ ಅಮೀರ. ನನಗ ನೀ ಸುಳ್ಳು ಹೇಳಾಂವ ಅಲ್ಲ, ಕೀ ಸರಿ ಇತ್ತು. ಹಂಗಾದ್ರ ನಂದೇ ತಪ್ಪು. ಒಂದ್ ಸಲ ಆಳಂದ ಬಸ್‌ಸ್ಟ್ಯಾಂಡ್ ತನಕ ಬಂದಿದ್ದೆ, ಮರತಿದ್ದೆ ಅಂತ ಹೇಳಿ ಮುಗಿಸೋಣಂತ. ಬಾಯಿ ತಯಾರಾಗಿತ್ತು, ಬೆರಳು ಒಪ್ಪಲಿಲ್ಲ. ಅಲ್ಲಿಂದಲೇ ಹೊಳ್ಳಿ ಬಂದೆ. ಆಮ್ಯಾಲ ನನ್ನ ಬೆರಳನ್ನ ನಾ ನಂಬಿಲ್ಲ ನೋಡು.’

ಒಳಗಿನಿಂದ ಶಿವಕಾಂತಾ ನೀರು ತಂದಳು. ಮೇಜಿನ ಮೇಲಿನ ಇನ್ನೊಂದು ಹಾಳೆ ಅವಳ ಕಣ್ಣಿಗೆ ಬಿತ್ತು. ತನ್ನದೇ ಮದುವೆಯ ಕಾರ್ಡು. ಕೆಳಗಿನ ಸಾಲು ತನಕ ಓದಿದಳು.

‘ಅಣ್ಣಾ, ನಮ್ಮ ಲಗ್ನದ ದಿನ ಇವ್ರು ಬಾಗಲ ಕಡೆ ನೋಡ್ಕೋತ ಕುಂತಿದ್ರು. ಯಾರಂತ ಕೇಳಿದ್ರ ಹೇಳಲಿಲ್ಲ’ ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಗದರಿದಳು: ‘ನಿಮ್ಮ ಇಮಾನಕ್ಕ ಬೆಂಕಿ ಹಚ್ಚಲಿ. ಮೊದಲು ಊಟಾ ಮಾಡ್ರಿ.’

‘ಬೆಂಕಿ ಆಗಲೇ ಹತ್ತ್ಯದ ವೈನಿ’ ಎಂದ ಅಮೀರ. ಗುರುಲಿಂಗ ನಕ್ಕ. ಅದೇ ನಗು, ಹಲ್ಲು ಮಾತ್ರ ಎರಡು ಕಡಿಮೆ.

ಊಟದ ಮೇಲೆ ಇರಮ ಆಟವನ್ನು ಆ ಅಂಗಡಿಯ ಕಂಪ್ಯೂಟರಿಗೆ ಹಾಕಿದಳು. ‘ಕಾಕಾ, ಹಳೇ ಕಡತ ತಿದ್ದಿದ್ರ ಅಮೀರಲಿಂಗನ್ನ ಬದುಕಸ್ಬೌದ್ರಿ. ಎರಡ ನಿಮಿಷದ ಕೆಲಸ’ ಎಂದಳು.

‘ಬ್ಯಾಡವಾ’ ಎಂದ ಗುರುಲಿಂಗ. ‘ಸತ್ತಾಂವ ಸತ್ತ. ಅರ್ಧ ಖರೆ ನಮಗ ಬ್ಯಾಡ. ಖರೆತನ ಎಷ್ಟಕ್ಕ ಇಟ್ಟಿ?’

‘ನೂರಕ್ಕ ನೂರು.’

‘ಹಂಗಾದ್ರ ಅವನ ತಮ್ಮ ಹುಟ್ಟಲಿ. ಗುರುಮೀರ ಅಂತ ಬರಿ.’ ಮೊದಲು ತನ್ನ ಕೈಯಿಂದಲೇ ಕನ್ನಡ ತಂತ್ರಾಂಶ ಮುಚ್ಚಿದ. ಕೀಬೋರ್ಡನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅಮೀರ ಹಿಡಿಕೆ ಹಿಡಿದ. ಹಳೆಯ ಟ್ಯೂಬು ಒಣಗಿ ಬಿರಿದಿತ್ತು, ವಿಮಾನ ಎಡಕ್ಕೆ ವಾಲುತ್ತಲೇ ಮೇಲೆದ್ದಿತು. ಯಾರನ್ನೂ ಉರುಳಿಸಲಿಲ್ಲ, ಭೀಮಾದ ಆಚೆ ದಂಡೆಯ ತನಕ ಹೋಗಿ ಹೊಳ್ಳಿದರು.

‘ಭೀಮಾ ದಾಟಿದ್ವಿ. ಸರಸಂಬಾ ಕಾಣಾಕತ್ತದ’ ಎಂದ ಗುರುಲಿಂಗ.

ಅಮೀರನ ಕೈ ರೂಢಿಯ ಮೇಲೆ ಎಫ್-11ರ ಕಡೆ ಹೋಯಿತು. ನಡುದಾರಿಯಲ್ಲಿ ನಿಂತು ವಾಪಸು ಬಂತು.

‘ಗಾಲಿ ಬಿಡು’ ಎಂದ.

‘ಒತ್ತಿದೆ.’

ಗಾಲಿ ಬಂದಿದ್ದರೆ ಪರದೆಯ ಬಲಮೂಲೆಯಲ್ಲಿ ಮೂರು ಹಸಿರು ದೀಪ ಹೊತ್ತುತ್ತವೆ. ಅಮೀರ ಆ ಕಡೆ ನೋಡಲಿಲ್ಲ. ನೆಲವನ್ನಷ್ಟೇ ನೋಡುತ್ತ, ‘ಖರೆ’ ಎಂದು ಹೇಳಿ ಇಮಾನ ಇಳಿಸಿದ.